ಗರಡಿಯ ಶ್ರಮವೂ ಪಟ್ಟಿನ ವಿದ್ಯೆಯೂ

ಮೈಸೂರಿನ ಹಳೆಯ ಗರಡಿಯೊಂದರ ಬಾಗಿಲಲ್ಲಿ ತಲೆತಗ್ಗಿಸಿ ಒಳಹೊಕ್ಕವರು ಕೆಮ್ಮಣ್ಣಿನ ಮಟ್ಟಿಯನ್ನೂ ಗೋಡೆಗೆ ಒರಗಿಸಿದ ಗದೆಗಳನ್ನೂ ಕಂಡಿರಬೇಕು. ಗದೆ ತಿರುವಿದರೆ ತೋಳಿಗೆ ಬಲ ಬರುವುದು ಸರಿಯೆ. ಕುಸ್ತಿ ಬರುವುದು ಯಾವುದರಿಂದ?

ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಹಳೆಯದೊಂದು ಸಾಕ್ಷ್ಯವುಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ, 12ನೆಯ ಶತಮಾನದಲ್ಲಿ ಹುಟ್ಟಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದವೆಂಬ ಒಂದು ಭಾಗವಿದೆ. ಅಲ್ಲಿ ಮಲ್ಲರಿಗೆ ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲ ಎಂಬ ತರಗತಿಗಳು. ವಯಸ್ಸಿನಿಂದಲೂ ವಿಭಾಗವಿದೆ: 20 ವರ್ಷದವರೆಗೆ ಭವಿಷ್ಣು, 30ರವರೆಗೆ ಪ್ರರೂಢ. ಭವಿಷ್ಣುವೆಂದರೆ ಇನ್ನು ಮುಂದೆ ಆಗತಕ್ಕವನು. ನಮ್ಮ ಕಾಲೇಜುಗಳ ಅಂಕಪಟ್ಟಿಯಲ್ಲಿ ಇಷ್ಟು ದಯೆಯುಳ್ಳ ಶಬ್ದ ಒಂದೂ ಇಲ್ಲವೆಂದು ನಾನು ಅನೇಕ ಸಲ ಅಂದುಕೊಂಡಿದ್ದೇನೆ.

ಇವರ ಸಾಧನೆ ಐದು ಬಗೆಯದು. ಮರಳಿನ ಚೀಲವನ್ನೆತ್ತುವುದು ಭಾರಶ್ರಮ, ನಡೆದಾಡುವುದು ಭ್ರಮಣಶ್ರಮ, ನೀರಿನಲ್ಲಿ ಈಜುವುದು ಸಲಿಲಶ್ರಮ, ತೋಳಿಗೆ ತೋಳು ಕೊಟ್ಟು ಸೆಣಸುವುದು ಬಾಹುಪೆಲ್ಲಣಕಶ್ರಮ, ಕಂಬವನ್ನಾಶ್ರಯಿಸಿದ್ದು ಸ್ತಂಭಶ್ರಮ. ಐದರಲ್ಲಿ ನಾಲ್ಕಕ್ಕೆ ಎದುರಾಳಿಯೇ ಬೇಕಿಲ್ಲವೆಂಬುದನ್ನು ಗಮನಿಸಬೇಕು. ಮರಳಿನ ಚೀಲ ವಂಚಿಸದು. ಕಂಬ ಹಿಡಿತದಿಂದ ನುಸುಳದು. ಇವುಗಳಿಂದ ಮೈ ಹದಗೊಳ್ಳುತ್ತದೆ. ಪಟ್ಟು ಕೈವಶವಾಗುವುದು ಬೇರೆ ಸಂಗತಿ.

ಒಂದೇ ಚಲನೆಯನ್ನು ತಪ್ಪದೆ ಸಾವಿರ ಬಾರಿ ಮಾಡಿದರೆ ಅದು ಅಚ್ಚೊತ್ತಿದಂತೆ ಮೈಯಲ್ಲಿ ನಿಲ್ಲುವುದೆಂದು ನಾವೆಲ್ಲ ನಂಬಿದ್ದೇವೆ. ಈ ನಂಬಿಕೆಯನ್ನು ಅಲುಗಿಸಿದವನು ಗರಡಿಯ ಮನುಷ್ಯನಲ್ಲ, ರಷ್ಯದ ನಿಕೊಲಾಯ್ ಬರ್ನ್‌ಸ್ಟೈನ್. 1920ರ ದಶಕದಲ್ಲಿ ಮಾಸ್ಕೋದ ಕೇಂದ್ರ ಶ್ರಮ ಸಂಸ್ಥೆಯಲ್ಲಿ ಆತನು ಉಳಿಯ ಮೇಲೆ ಸುತ್ತಿಗೆ ಹೊಡೆಯುವ ನುರಿತ ಕೆಲಸಗಾರರ ಕೀಲುಗಳಿಗೆ ಪುಟ್ಟ ದೀಪಗಳನ್ನು ಕಟ್ಟಿಸಿ ಛಾಯಾಚಿತ್ರ ತೆಗೆದನು. ಸುತ್ತಿಗೆಯ ತುದಿ ಪ್ರತಿಸಲವೂ ಹೆಚ್ಚುಕಡಮೆ ಒಂದೇ ದಾರಿ ಹಿಡಿಯುತ್ತಿತ್ತು. ಭುಜ, ಮೊಣಕೈ, ಮಣಿಕಟ್ಟುಗಳು ಮಾತ್ರ ಒಂದು ಹೊಡೆತದಂತೆ ಮತ್ತೊಂದರಲ್ಲಿ ಚಲಿಸುತ್ತಿರಲಿಲ್ಲ. ಒಂದು ಕೀಲಿನ ಕೊರತೆಯನ್ನು ಇನ್ನೊಂದು ಅಲ್ಲಿಯೇ ತುಂಬಿಕೊಡುತ್ತಿತ್ತು. ಅಭ್ಯಾಸವೆಂದರೆ ಒಮ್ಮೆ ಸಿಕ್ಕಿದ ಉತ್ತರವನ್ನು ಪುನಃ ಪುನಃ ಒಪ್ಪಿಸುವುದಲ್ಲ, ಉತ್ತರ ಹುಡುಕುವ ಕ್ರಮವನ್ನೇ ಪ್ರತಿಸಲ ನಡೆಸುವುದು ಎಂದು ಆತನು ತೀರ್ಮಾನಿಸಿದನು.

ಗರಡಿಯ ಉಸ್ತಾದರು ಇದನ್ನು ಶಾಸ್ತ್ರವಾಗಿ ಹೇಳಿದವರಲ್ಲ. ಆದರೆ ಹುಡುಗನನ್ನು ಒಂದು ದಿನ ತನಗಿಂತ ತೂಕದವನೊಡನೆ, ಮರುದಿನ ಚುರುಕಾದವನೊಡನೆ ಮಟ್ಟಿಗಿಳಿಸುವಾಗ ಅವರು ಮಾಡುವುದು ಇದನ್ನೇ. ಹಿಡಿದ ಪಟ್ಟು ಅದೇ. ಹಿಡಿಯಬೇಕಾದ ಮೈ ಬೇರೆ.

ಸೋಮೇಶ್ವರನ ಗ್ರಂಥದ ಕಂಬ ಮಲ್ಲಕಂಬವೆಂಬ ಹೆಸರಿನಲ್ಲಿ ಇಂದಿಗೂ ಬಾಳುತ್ತಿದೆ. ಅದನ್ನೇರಿ ಬೆರಗುಗೊಳಿಸುವ ಹುಡುಗ ಹುಡುಗಿಯರಲ್ಲಿ ಬಹುಮಂದಿ ಕುಸ್ತಿಯ ಮಟ್ಟಿಯನ್ನು ತುಳಿದವರೇ ಅಲ್ಲ. ಅದು ತನ್ನದೇ ನಿಯಮಗಳುಳ್ಳ ಬೇರೊಂದು ಆಟವಾಗಿಬಿಟ್ಟಿದೆ.