ಇಂಗ್ಲಿಷಿನ ಎರಡು ಕ್ರಿಯಾರೂಪಗಳು: ಒಂದು ನಿಯಮದ ಚರಿತ್ರೆ

ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವ ನಮ್ಮ ವಿದ್ಯಾರ್ಥಿಗಳಿಗೆ ‘ಜೆರಂಡ್’ ಮತ್ತು ‘ಇನ್ಫಿನಿಟಿವ್’ ಎಂಬ ಎರಡು ರೂಪಗಳು ಕೊಡುವಷ್ಟು ತೊಂದರೆಯನ್ನು ವ್ಯಾಕರಣದ ಬೇರೆ ಭಾಗಗಳು ಕೊಡುವುದು ವಿರಳ. ‘ಎಂಜಾಯ್’, ‘ಅವಾಯ್ಡ್’, ‘ಫಿನಿಶ್’ ಎಂಬ ಕ್ರಿಯಾಪದಗಳ ಮುಂದೆ ‘ಇಂಗ್’ ಪ್ರತ್ಯಯವಿರುವ ರೂಪ ಬರಬೇಕು. ‘ವಾಂಟ್’, ‘ಹೋಪ್’, ‘ರೆಫ್ಯೂಸ್’ ಎಂಬವುಗಳ ಮುಂದೆ ‘ಟು’ ಸಹಿತವಾದ ರೂಪ ಬರಬೇಕು. ‘ಬಿಗಿನ್’ ಎಂಬುದರ ಮುಂದೆ ಎರಡೂ ಸಲ್ಲುತ್ತವೆ. ಏಕೆ ಹೀಗೆ ಎಂದು ವಿದ್ಯಾರ್ಥಿಯು ಕೇಳಿದರೆ, ‘ಅದು ರೂಢಿ’ ಎಂಬ ಉತ್ತರ ದೊರೆಯುತ್ತದೆ. ಉತ್ತರವು ಸುಳ್ಳಲ್ಲ. ಆದರೆ ಚರಿತ್ರೆಯ ಅಭ್ಯಾಸಿಗಳಾದ ನಮಗೆ ಅದು ಪ್ರಶ್ನೆಯ ಕೊನೆಯಲ್ಲ, ಮೊದಲು. ಯಾವ ರೂಢಿಗಾದರೂ ಒಂದು ಹುಟ್ಟು ಉಂಟು, ಒಂದು ಬೆಳವಣಿಗೆ ಉಂಟು. ಅದನ್ನು ಸ್ಥೂಲವಾಗಿ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕ್ರಿ.ಶ. 1100ಕ್ಕೆ ಹಿಂದಿನ ಇಂಗ್ಲಿಷನ್ನು ವಿದ್ವಾಂಸರು ಪ್ರಾಚೀನ ಇಂಗ್ಲಿಷ್ ಎಂದು ಕರೆಯುತ್ತಾರೆ. ಅದು ಇಂದಿನ ಇಂಗ್ಲಿಷಿನಂತಲ್ಲದೆ ವಿಭಕ್ತಿಪ್ರತ್ಯಯಗಳಿಂದ ತುಂಬಿದ ಭಾಷೆಯಾಗಿತ್ತು. ‘ಕಲಿ’ ಎಂಬ ಅರ್ಥದ ಧಾತುವಿಗೆ ಅಲ್ಲಿ ‘ಲೆಯೊರ್ನಿಯನ್’ ಎಂಬ ಇನ್ಫಿನಿಟಿವ್ ರೂಪವಿತ್ತು. ಇದಕ್ಕೆ ‘ಟು’ ಸೇರುತ್ತಿರಲಿಲ್ಲ. ಇದರ ಜೊತೆಗೆ ‘ತೋ ಲೆಯೊರ್ನಿಯೆನ್ನೆ’ ಎಂಬ ಇನ್ನೊಂದು ರೂಪವೂ ಇತ್ತು. ಇದು ಚತುರ್ಥೀ ವಿಭಕ್ತಿಯ ರೂಪ. ‘ತೋ’ ಎಂಬುದು ‘ಕಡೆಗೆ’ ಎಂಬ ಅರ್ಥವುಳ್ಳ ಉಪಸರ್ಗ. ಆದುದರಿಂದ ಇಡೀ ರೂಪದ ಮೂಲಾರ್ಥವು ‘ಕಲಿಯುವ ಕಡೆಗೆ’, ಅಂದರೆ ‘ಕಲಿಯುವುದಕ್ಕೆ’ ಎಂದಾಗುತ್ತದೆ. ಕನ್ನಡದಲ್ಲಿಯೂ ‘ಓದುವುದಕ್ಕೆ ಬಂದನು’ ಎನ್ನುವಾಗ ನಾವು ಚತುರ್ಥಿಯನ್ನೇ ಬಳಸುತ್ತೇವೆಂಬುದನ್ನು ಗಮನಿಸಬೇಕು. ಸಂಬಂಧವಿಲ್ಲದ ಎರಡು ಭಾಷೆಗಳು ಉದ್ದೇಶವನ್ನು ಸೂಚಿಸಲು ಒಂದೇ ದಾರಿಯನ್ನು ಹಿಡಿದಿವೆ.

‘ಇಂಗ್’ ರೂಪದ ವಂಶಾವಳಿ ಇದಕ್ಕಿಂತ ಬೇರೆ. ಪ್ರಾಚೀನ ಇಂಗ್ಲಿಷಿನಲ್ಲಿ ‘ಉಂಗ್’ ಅಥವಾ ‘ಇಂಗ್’ ಎಂಬ ಪ್ರತ್ಯಯವು ಧಾತುವಿಗೆ ಹತ್ತಿ ಭಾವನಾಮವನ್ನು ಉಂಟುಮಾಡುತ್ತಿತ್ತು. ‘ಲೆಯೊರ್ನುಂಗ್’ ಎಂದರೆ ‘ಕಲಿಕೆ’. ಅದು ಅಪ್ಪಟ ನಾಮಪದ. ಅದಕ್ಕೆ ಲಿಂಗವಿತ್ತು, ವಿಭಕ್ತಿಯಿತ್ತು, ಆದರೆ ಕ್ರಿಯಾಪದದಂತೆ ಕರ್ಮವನ್ನು ಹಿಡಿಯುವ ಶಕ್ತಿ ಇರಲಿಲ್ಲ. ನಮ್ಮ ‘ಓಟ’, ‘ನೋಟ’, ‘ಕಲಿಕೆ’ಗಳಂತೆ ಎನ್ನಬಹುದು. ‘ಪುಸ್ತಕವನ್ನು ಓದುವುದು’ ಎನ್ನುತ್ತೇವೆಯೇ ಹೊರತು ‘ಚೆಂಡನ್ನು ಆಟ’ ಎನ್ನುವುದಿಲ್ಲವಷ್ಟೆ. ಸಾರಾಂಶವಾಗಿ ಹೇಳುವುದಾದರೆ, ಒಂದು ರೂಪವು ದಿಕ್ಕನ್ನು ಸೂಚಿಸುತ್ತಿತ್ತು, ಇನ್ನೊಂದು ವಸ್ತುವನ್ನು ಹೆಸರಿಸುತ್ತಿತ್ತು. ಎರಡಕ್ಕೂ ಅಂದು ಸ್ಪರ್ಧೆಯೇ ಇರಲಿಲ್ಲ.

ಸ್ಪರ್ಧೆಯು ಹುಟ್ಟಿದ್ದು ಪ್ರತ್ಯಯಗಳು ಸವೆದುದರಿಂದ. ಈ ಸವೆತಕ್ಕೆ 1066ರ ನಾರ್ಮನ್ ವಿಜಯವೊಂದೇ ಕಾರಣವೆಂದು ಹೇಳುವುದುಂಟು. ಅದು ಪೂರ್ಣ ಸರಿಯಲ್ಲ. ಪದದ ಮೊದಲ ಅಕ್ಷರಕ್ಕೆ ಒತ್ತು ಬೀಳುತ್ತಿದ್ದುದರಿಂದ ಕೊನೆಯ ಅಕ್ಷರಗಳು ಅದಕ್ಕೆ ಮೊದಲೇ ದುರ್ಬಲವಾಗತೊಡಗಿದ್ದವು. ಉತ್ತರದಲ್ಲಿ ಸ್ಕ್ಯಾಂಡಿನೇವಿಯನ್ ಜನರ ಸಂಪರ್ಕವೂ ಇದಕ್ಕೆ ಸಹಾಯಕವಾಯಿತೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ನಾರ್ಮನ್ನರ ಆಳ್ವಿಕೆಯಲ್ಲಿ ಇಂಗ್ಲಿಷ್ ಆಸ್ಥಾನದ ಮನ್ನಣೆಯನ್ನು ಕಳೆದುಕೊಂಡುದರಿಂದ ಹಳೆಯ ಬರೆಹದ ಮಾದರಿಯನ್ನು ಕಾಯುವವರು ಕಡಮೆಯಾದರು. 1154ರಲ್ಲಿ ಮುಗಿಯುವ ಪೀಟರ್‌ಬರೋ ವೃತ್ತಾಂತದಲ್ಲಿ ಈ ಬದಲಾವಣೆ ಬರೆಹದಲ್ಲಿಯೇ ಕಾಣುತ್ತದೆ. ‘ಅನ್’ ಎಂಬುದು ‘ಎನ್’ ಆಯಿತು, ‘ಎ’ ಆಯಿತು, ಕೊನೆಗೆ ಲೋಪವಾಯಿತು. ಇನ್ಫಿನಿಟಿವನ್ನು ಗುರುತಿಸಲು ಪ್ರತ್ಯಯವೇ ಉಳಿಯಲಿಲ್ಲ. ಆಗ ‘ಟು’ ಆ ಕೆಲಸಕ್ಕೆ ನಿಯುಕ್ತವಾಯಿತು. ಆದರೆ ಎಲ್ಲೆಲ್ಲೂ ಬಳಕೆಗೆ ಬಂದು ‘ಕಡೆಗೆ’ ಎಂಬ ತನ್ನ ಅರ್ಥವನ್ನು ಬಹುಮಟ್ಟಿಗೆ ಕಳೆದುಕೊಂಡಿತು. 1400ರಲ್ಲಿ ತೀರಿಕೊಂಡ ಕವಿ ಚಾಸರನು ಹಲವೆಡೆ ‘ಫಾರ್ ಟು’ ಎಂದು ಎರಡು ಪದಗಳನ್ನು ಸೇರಿಸಿ ಬಳಸಿದ್ದಾನೆ. ಬರಿಯ ‘ಟು’ ಎಂಬುದಕ್ಕೆ ಉದ್ದೇಶವನ್ನು ಹೊರುವ ಶಕ್ತಿ ಕುಂದಿತ್ತೆಂಬುದಕ್ಕೆ ಈ ಜೋಡಿಯು ಸಾಕ್ಷಿ. ‘ಕ್ಯಾನ್’, ‘ಮೇ’, ‘ಮಸ್ಟ್’ ಮೊದಲಾದವುಗಳ ಮುಂದೆ ಇಂದಿಗೂ ‘ಟು’ ಬಾರದಿರುವುದು ಹಳೆಯ ವ್ಯವಸ್ಥೆಯ ಅವಶೇಷ.

ಇದೇ ಕಾಲದಲ್ಲಿ ‘ಇಂಗ್’ ರೂಪವು ತನ್ನ ಎಲ್ಲೆಯನ್ನು ಮೀರತೊಡಗಿತು. ‘ಎಂಡೆ’ ಎಂದು ಕೊನೆಗೊಳ್ಳುತ್ತಿದ್ದ ವರ್ತಮಾನ ಕೃದಂತವೂ ಕ್ರಮೇಣ ‘ಇಂಗ್’ ಎಂಬ ಆಕಾರವನ್ನೇ ತಾಳಿತು. ನಾಮಪದವೂ ಕೃದಂತವೂ ಒಂದೇ ಉಡುಪನ್ನು ತೊಟ್ಟ ಮೇಲೆ ನಾಮಪದಕ್ಕೆ ಕ್ರಿಯಾಪದದ ಗುಣಗಳು ಅಂಟಿಕೊಂಡವು. ‘ದಿ ರೀಡಿಂಗ್ ಆಫ್ ಬುಕ್ಸ್’ ಎಂಬುದರ ಪಕ್ಕದಲ್ಲಿ ‘ರೀಡಿಂಗ್ ಬುಕ್ಸ್’ ಎಂಬುದು ತಲೆಯೆತ್ತಿತು. ಈ ಹೊಸ ಪ್ರಯೋಗವು ಮೊದಲು ನೆಲೆಯೂರಿದ್ದು ‘ಬೈ’, ‘ಇನ್’, ‘ಆಫ್’ ಮುಂತಾದ ಉಪಸರ್ಗಗಳ ನಂತರ. ಕಾರಣ ಸ್ಪಷ್ಟ: ಉಪಸರ್ಗದ ನಂತರದ ಸ್ಥಾನ ನಾಮಪದದ ಸ್ವಂತ ಮನೆ. ಇಂದಿಗೂ ಉಪಸರ್ಗದ ನಂತರ ‘ಇಂಗ್’ ಎಂಬುದು ವಿದ್ಯಾರ್ಥಿಗಳು ಬಹುಮಟ್ಟಿಗೆ ನಂಬಬಹುದಾದ ನಿಯಮ.

ಈ ಮಿಶ್ರಣವನ್ನು 18ನೆಯ ಶತಮಾನದ ವ್ಯಾಕರಣಕಾರರು ಮೆಚ್ಚಲಿಲ್ಲ. ಮುಂದೆ ಲಂಡನಿನ ಬಿಷಪ್ ಆದ ರಾಬರ್ಟ್ ಲೌತನು 1762ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ, ಹಿಂದೆ ‘ದಿ’ ಇದ್ದರೆ ಮುಂದೆ ‘ಆಫ್’ ಇರಲೇಬೇಕು, ಇಲ್ಲವೇ ಎರಡನ್ನೂ ಬಿಡಬೇಕು ಎಂದು ವಿಧಿಸಿದನು. 1795ರಲ್ಲಿ ಹೊರಬಂದ ಲಿಂಡ್ಲಿ ಮರ್ರಿಯ ವ್ಯಾಕರಣವು ಲೌತನ ಬೋಧನೆಯನ್ನು ಶಾಲೆಗಳಿಗೆ ಮುಟ್ಟಿಸಿತು. ‘ಜೆರಂಡ್’ ಎಂಬ ಹೆಸರೂ ಇಂಗ್ಲಿಷಿನದಲ್ಲ, ಲ್ಯಾಟಿನ್ ವ್ಯಾಕರಣದಿಂದ ಬಂದ ಎರವಲು. ಲ್ಯಾಟಿನ್ನಿನಲ್ಲಿ ಇನ್ಫಿನಿಟಿವ್ ಮತ್ತು ಜೆರಂಡುಗಳು ವಿಭಕ್ತಿಗಳನ್ನು ತಮ್ಮೊಳಗೆ ಹಂಚಿಕೊಂಡಿದ್ದವು. ಇಂಗ್ಲಿಷಿನಲ್ಲಿ ಅಂತಹ ಅಚ್ಚುಕಟ್ಟಾದ ಪಾಲುಪಟ್ಟಿ ಆಗಲೇ ಇಲ್ಲ.

ಹಾಗಾದರೆ ಹಳೆಯ ಭೇದವು ಪೂರ್ಣವಾಗಿ ಅಳಿಯಿತೆ? ಇಲ್ಲ. ‘ಹೀ ಸ್ಟಾಪ್ಡ್ ಟು ಟಾಕ್’ ಎಂದರೆ ‘ಮಾತನಾಡಲು ನಿಂತನು’. ‘ಹೀ ಸ್ಟಾಪ್ಡ್ ಟಾಕಿಂಗ್’ ಎಂದರೆ ‘ಮಾತನಾಡುವುದನ್ನು ನಿಲ್ಲಿಸಿದನು’. ಮೊದಲನೆಯದರಲ್ಲಿ ದಿಕ್ಕು, ಎರಡನೆಯದರಲ್ಲಿ ವಸ್ತು. ‘ಫರ್ಗೆಟ್’ ಎಂಬ ಪದವನ್ನು ನೋಡೋಣ. ‘ಬೀಗ ಹಾಕಲು ಮರೆತನು’ ಎಂಬಲ್ಲಿ ಬೀಗ ಬೀಳಲಿಲ್ಲ. ‘ಬೀಗ ಹಾಕಿದ್ದನ್ನು ಮರೆತನು’ ಎಂಬಲ್ಲಿ ಬಿದ್ದಿದೆ. ಇಂಗ್ಲಿಷ್ ಮೊದಲನೆಯದಕ್ಕೆ ‘ಟು’ ಎನ್ನುತ್ತದೆ, ಎರಡನೆಯದಕ್ಕೆ ‘ಇಂಗ್’ ಎನ್ನುತ್ತದೆ. ಇನ್ಫಿನಿಟಿವು ಇನ್ನೂ ಆಗಬೇಕಾದುದನ್ನೂ ‘ಇಂಗ್’ ರೂಪವು ಸಿದ್ಧವಸ್ತುವಾಗಿ ಕಂಡುದನ್ನೂ ಸೂಚಿಸುತ್ತವೆ ಎಂಬ ವಿಚಾರವನ್ನು ಅಮೆರಿಕದ ಭಾಷಾವಿಜ್ಞಾನಿ ಡ್ವೈಟ್ ಬೋಲಿಂಜರ್ 1968ರಲ್ಲಿ ಪ್ರತಿಪಾದಿಸಿದರು. ಕನ್ನಡ ವಿದ್ಯಾರ್ಥಿಗೆ ಈ ತತ್ತ್ವವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಅದು ಅವನ ನಾಲಗೆಯ ಮೇಲೆಯೇ ಇದೆ.

ಆದರೆ ಈ ತತ್ತ್ವದಿಂದ ಎಲ್ಲವನ್ನೂ ಸಾಧಿಸಲಾಗದು. ‘ಸಜೆಸ್ಟ್’ ಎಂಬುದು ಮುಂದೆ ಆಗಬೇಕಾದುದನ್ನು ಹೇಳಿದರೂ ‘ಇಂಗ್’ ಬೇಡುತ್ತದೆ. ‘ಮ್ಯಾನೇಜ್’ ಎಂಬುದು ನೆರವೇರಿದುದನ್ನು ಹೇಳಿದರೂ ‘ಟು’ ಬೇಡುತ್ತದೆ. ಇಲ್ಲಿ ತರ್ಕಕ್ಕಿಂತ ಚರಿತ್ರೆಯೇ ಹೆಚ್ಚು ಸಹಾಯಕ. ಕಳೆದ ಕೆಲವು ಶತಮಾನಗಳಲ್ಲಿ ‘ಇಂಗ್’ ರೂಪವು ಇನ್ಫಿನಿಟಿವಿನ ಪ್ರಾಂತಗಳನ್ನು ಒಂದೊಂದು ಕ್ರಿಯಾಪದವಾಗಿ ಆಕ್ರಮಿಸುತ್ತ ಬಂದಿದೆ. ತೆರೇಸಾ ಫನೇಗೊ ಮುಂತಾದ ಸಂಶೋಧಕರು ಈ ಮುನ್ನಡೆಯ ಹೆಜ್ಜೆಗಳನ್ನು ಗುರುತಿಸಿದ್ದಾರೆ. ಗುಂಟರ್ ರೋಡೆನ್‌ಬುರ್ಗ್ ಇಂತಹ ಬದಲಾವಣೆಗಳ ಸಮೂಹಕ್ಕೆ 2006ರಲ್ಲಿ ಒಂದು ‘ಮಹಾಪಲ್ಲಟ’ವೆಂಬ ಹೆಸರನ್ನಿತ್ತರು. ಇದಕ್ಕೆ ‘ಅಕಸ್ಟಮ್ಡ್ ಟು’ ಉತ್ತಮ ನಿದರ್ಶನ. 1611ರ ಬೈಬಲ್ ಅನುವಾದದಲ್ಲಿ ಇದರ ಮುಂದೆ ಇನ್ಫಿನಿಟಿವ್ ಬಂದಿದೆ. 19ನೆಯ ಶತಮಾನದಲ್ಲಿಯೂ ಅದು ಶಿಷ್ಟಪ್ರಯೋಗವಾಗಿತ್ತು. ಇಂದಿನ ಶಿಷ್ಟ ಇಂಗ್ಲಿಷಿನಲ್ಲಿ ಅದರ ಸ್ಥಾನವನ್ನು ‘ಇಂಗ್’ ಪಡೆದಿದೆ. ಹೀಗಿರುವಾಗ ನಾವು ಬಾಯಿಪಾಠ ಮಾಡಿಸುವ ಪಟ್ಟಿಯು ಶಾಶ್ವತ ಶಾಸನವಲ್ಲ. ಇನ್ನೂ ಮುಗಿಯದ ಒಂದು ಚಲನೆಯ ಮಧ್ಯದಲ್ಲಿ ತೆಗೆದ ಭೂಪಟ.

ಈ ಕಡೆಯ ಉದಾಹರಣೆಯು ನಮ್ಮವರು ಮುಗ್ಗರಿಸುವ ಸ್ಥಳವೂ ಹೌದು. ‘ಲುಕ್ ಫಾರ್ವರ್ಡ್ ಟು’ ಎಂಬುದರಲ್ಲಿ ‘ಟು’ ಹಳೆಯ ಉಪಸರ್ಗವಾಗಿಯೇ ಉಳಿದಿದೆ. ಆದುದರಿಂದ ಅದರ ಮುಂದೆ ‘ಮೀಟಿಂಗ್’ ಬರಬೇಕು, ‘ಮೀಟ್’ ಅಲ್ಲ. ಕನ್ನಡದ ಚತುರ್ಥಿಯು ಉದ್ದೇಶಕ್ಕೂ ಗುರಿಗೂ ಒಂದೇ ಆಗಿರುವುದರಿಂದ ವಿದ್ಯಾರ್ಥಿಯು ಎರಡು ‘ಟು’ಗಳನ್ನು ಒಂದೆಂದು ಭಾವಿಸುತ್ತಾನೆ. ‘ಟು’ ಎಂಬುದರ ಮುಂದೆ ಒಂದು ನಾಮಪದವನ್ನು ಇಟ್ಟು ನೋಡುವುದೇ ಇದಕ್ಕೆ ಸುಲಭವಾದ ಪರೀಕ್ಷೆ. ‘ಲುಕ್ ಫಾರ್ವರ್ಡ್ ಟು ದಿ ಹಾಲಿಡೇಸ್’ ಎಂಬುದು ಸಲ್ಲುತ್ತದೆ, ಆದಕಾರಣ ಅಲ್ಲಿ ‘ಇಂಗ್’ ಬೇಕು. ‘ಹೋಪ್ ಟು ದಿ ಹಾಲಿಡೇಸ್’ ಎಂಬುದು ಸಲ್ಲದು, ಆದಕಾರಣ ಅಲ್ಲಿ ಬೇಡ.

1857ರಲ್ಲಿ ಕಲ್ಕತ್ತ, ಮುಂಬಯಿ, ಮದ್ರಾಸುಗಳಲ್ಲಿಯೂ 1916ರಲ್ಲಿ ಮೈಸೂರಿನಲ್ಲಿಯೂ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದ ಮೇಲೆ ಇಂಗ್ಲಿಷಿನ ತಪ್ಪು ಒಪ್ಪುಗಳು ನಮ್ಮ ಯುವಕರ ಉತ್ತೀರ್ಣತೆಯನ್ನೂ ಉದ್ಯೋಗವನ್ನೂ ನಿರ್ಣಯಿಸತೊಡಗಿದವು. ಪರೀಕ್ಷೆ ಇರುವವರೆಗೆ ಇಂದಿನ ಶಿಷ್ಟರೂಪವನ್ನೇ ಕಲಿಸಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಲಿಸುವ ಕ್ರಮದಲ್ಲಿ ವಿವೇಚನೆ ಬೇಕು. ಉಪಸರ್ಗದ ನಿಯಮವನ್ನು ನಿಯಮವಾಗಿ ಹೇಳಬೇಕು. ಅರ್ಥಭೇದವಿರುವಲ್ಲಿ ಕನ್ನಡದ ‘ಮರೆಯಲು’, ‘ಮರೆತದ್ದನ್ನು’ ಎಂಬಂತಹ ರೂಪಗಳ ಸಹಾಯದಿಂದ ಅರ್ಥವನ್ನು ತಿಳಿಸಬೇಕು. ಇವೆರಡೂ ಸಾಲದಲ್ಲಿ ಮಾತ್ರ ಪಟ್ಟಿಯನ್ನು ಕೊಡಬೇಕು, ಪಟ್ಟಿಯೆಂದೇ ಹೇಳಿ ಕೊಡಬೇಕು. ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿ ‘ಅಕಸ್ಟಮ್ಡ್ ಟು ರೈಸ್’ ಎಂದು ಕಂಡಾಗ ನಾವು ಕೆಂಪು ಗೆರೆಯನ್ನು ಎಳೆಯಬಹುದು. ಆದರೆ ಅದನ್ನು ಬುದ್ಧಿಮಾಂದ್ಯದ ಗುರುತೆಂದು ತಿಳಿಯಲಾಗದು. ಅವನು ಬರೆದದ್ದು ತಪ್ಪು ಇಂಗ್ಲಿಷಲ್ಲ, ಹಿಂದಿನ ಶತಮಾನದ ಇಂಗ್ಲಿಷ್. ಇಷ್ಟನ್ನು ಅವನಿಗೆ ತಿಳಿಸಿದರೆ ಅವನ ಅಂಕ ಹೆಚ್ಚದಿದ್ದರೂ ಧೈರ್ಯ ಹೆಚ್ಚುತ್ತದೆ.