ಲಾವೋಸ್ ಸರಣಿ, ಭಾಗ 3: ಕಲ್ಲು ಗುಡಾಣಗಳ ಬಯಲು

(1/5)
ಹೋದ ವಾರದ ಲುವಾಂಗ್ ಪ್ರಬಾಂಗ್ ಪೋಸ್ಟ್ ನೋಡಿ ಅರ್ಧ ಕ್ಲಾಸು "ಡಿಗ್ರಿ ಮುಗೀಲಿ, ಹೋಗೋಣ" ಅಂತ ಕಾಮೆಂಟ್ ಹಾಕಿದ್ದೀರ. ಖುಷಿಯಾಯ್ತು. ಮೊದಲೇ ಹೇಳಿಬಿಡ್ತೀನಿ, ಫೋಟೋಗಳು ನನ್ನದಲ್ಲ, ನಾನು ಲಾವೋಸ್‌ಗೆ ಹೋಗಿಯೂ ಇಲ್ಲ. ಪಾಸ್‌ಪೋರ್ಟೇ ಇಲ್ಲ. ಕಾಸ್ಟಿಂಗ್ ಓದಬೇಕಾದ ಹೊತ್ತಲ್ಲಿ ಇದನ್ನ ಓದ್ತಾ ಕೂತಿದ್ದೀನಿ ಅಷ್ಟೇ.

ನೀವು ಕಳಿಸಿದ ಪಟ್ಟಿಗಳಲ್ಲಿ ಎಲ್ಲಾ ಇದೆ: 1560ರ ಸುಮಾರಿಗೆ ಕಟ್ಟಿದ ಶಿಯೆಂಗ್ ಥಾಂಗ್ ದೇವಾಲಯ, ಕುವಾಂಗ್ ಸಿ ಜಲಪಾತ, ವಾಂಗ್ ವಿಯೆಂಗ್, ವಿಯೆಂಟಿಯಾನ್‌ನ ಪಟುಸಾಯ್ ಕಮಾನು. ಫೋನ್‌ಸವಾನ್ ಮಾತ್ರ ಒಬ್ಬರ ಪಟ್ಟಿಯಲ್ಲೂ ಇಲ್ಲ. ತಪ್ಪು ನಿಮ್ಮದಲ್ಲ. 2021ರ ಡಿಸೆಂಬರ್‌ನಲ್ಲಿ ಶುರುವಾದ ಹೊಸ ರೈಲು ಲುವಾಂಗ್ ಪ್ರಬಾಂಗ್, ವಾಂಗ್ ವಿಯೆಂಗ್, ವಿಯೆಂಟಿಯಾನ್ ಮೂರನ್ನೂ ಮುಟ್ಟುತ್ತೆ, ಫೋನ್‌ಸವಾನ್ ಕಡೆ ತಿರುಗೋದೇ ಇಲ್ಲ. ರೈಲು ಹೋಗದ ಕಡೆ ರೀಲ್ಸೂ ಹೋಗಲ್ಲ.

(2/5)
ಫೋನ್‌ಸವಾನ್ ಇರೋದು ಈಶಾನ್ಯದ ಶಿಯೆಂಗ್ ಖುವಾಂಗ್ ಪ್ರಾಂತ್ಯದಲ್ಲಿ. ಊರಿನ ಸುತ್ತ ಹುಲ್ಲುಗಾವಲು, ಗುಡ್ಡ, ಮಧ್ಯೆ ಮಧ್ಯೆ ಕಲ್ಲಿನ ಗುಡಾಣಗಳು. ಹೌದು, ಹಳೇ ಮನೆಗಳಲ್ಲಿ ಅಜ್ಜಿ ಕಾಳು ತುಂಬಿಡ್ತಿದ್ದರಲ್ಲ, ಅಂಥದ್ದೇ ಆಕಾರ. ಆದರೆ ಒಂದೊಂದೂ ಒಂದೇ ಬಂಡೆ ಕೊರೆದು ಮಾಡಿದ್ದು, ಕೆಲವು ಆಳೆತ್ತರಕ್ಕಿಂತ ದೊಡ್ಡವು. ಇವನ್ನ ಜಾಗದಿಂದ ಜಾಗಕ್ಕೆ ಹೇಗೆ ಸಾಗಿಸಿದರೋ ಅಂತ ಯೋಚನೆ ಮಾಡಿದ್ರೆ ತಲೆ ಕೆಡುತ್ತೆ.

ಊರಿನವರ ಕತೆ ಪ್ರಕಾರ ಖುನ್ ಚುಯೆಂಗ್ ಅನ್ನೋ ರಾಜ ಯುದ್ಧ ಗೆದ್ದು, ಹಬ್ಬಕ್ಕೆ ಅಕ್ಕಿ ಹೆಂಡ ಹುದುಗಿಸೋಕೆ ಇವನ್ನ ಮಾಡಿಸಿದ್ದ. 1930ರ ದಶಕದಲ್ಲಿ ಮ್ಯಾಡ್ಲಿನ್ ಕೊಲಾನಿ ಅನ್ನೋ ಫ್ರೆಂಚ್ ಸಂಶೋಧಕಿ ಬಂದು ಅಗೆದರು. ಸುಟ್ಟ ಮೂಳೆ, ಮಣಿ, ಕಬ್ಬಿಣದ ಸಾಮಾನು ಸಿಕ್ತು. ಅಂದರೆ ಇದು ಕಬ್ಬಿಣ ಯುಗದವರ ಶವಸಂಸ್ಕಾರದ ಜಾಗ. ನನಗೆ ಹೆಂಡದ ಕತೆಯೇ ಇಷ್ಟ, ಆದರೆ ಸಾಕ್ಷಿ ಕೊಲಾನಿ ಕಡೆಗಿದೆ. 2019ರಲ್ಲಿ ಯುನೆಸ್ಕೋ ಇಲ್ಲಿನ 15 ತಾಣಗಳನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

(3/5)
ಈಗ ಫೋಟೋನ ಸ್ವಲ್ಪ ಜೂಮ್ ಮಾಡಿ. ಗುಡಾಣಗಳ ಪಕ್ಕ ದುಂಡಗೆ ತಗ್ಗು ಕಾಣ್ತಿದೆಯಲ್ಲ? ಕೆರೆ ಅಲ್ಲ ಅದು. ಬಾಂಬ್ ಬಿದ್ದ ಗುಂಡಿ.

1962ರ ಜಿನೀವಾ ಒಪ್ಪಂದದಲ್ಲಿ ಲಾವೋಸ್ ತಟಸ್ಥ ದೇಶ ಅಂತ ಅಮೆರಿಕವೂ ಸೇರಿ ಎಲ್ಲರೂ ಸಹಿ ಹಾಕಿದ್ದರು. ಉತ್ತರ ವಿಯೆಟ್ನಾಂ ತನ್ನ ಸೇನೆಯನ್ನ ವಾಪಸ್ ಕರೆಸಲಿಲ್ಲ, ಹೋ ಚಿ ಮಿನ್ ದಾರಿ ಲಾವೋಸ್ ಒಳಗೇ ಹಾದುಹೋಗ್ತಿತ್ತು. ಅಮೆರಿಕ ತನ್ನ ಜನಕ್ಕೂ ಹೇಳದೆ 1964ರಿಂದ 1973ರವರೆಗೆ ಬಾಂಬ್ ಹಾಕಿತು. 20 ಲಕ್ಷ ಟನ್‌ಗಿಂತ ಜಾಸ್ತಿ, ಸುಮಾರು 5,80,000 ವಿಮಾನ ದಾಳಿ. ತಲಾ ಲೆಕ್ಕದಲ್ಲಿ ಇಷ್ಟು ಬಾಂಬ್ ತಿಂದ ದೇಶ ಇನ್ನೊಂದಿಲ್ಲ.

"ಎಂಟು ನಿಮಿಷಕ್ಕೊಂದು ದಾಳಿ" ಅಂತ ಎಲ್ಲಾ ಕಡೆ ಬರೆದಿರ್ತಾರೆ. ನಂಬಿಕೆ ಬರಲಿಲ್ಲ, ಕ್ಯಾಲ್ಕ್ಯುಲೇಟರ್ ತಗೊಂಡೆ. ಒಂಬತ್ತು ವರ್ಷಕ್ಕೆ 47,30,400 ನಿಮಿಷ. 5,80,000ದಿಂದ ಭಾಗಿಸಿ. 8.15 ಬರುತ್ತೆ. ಹಗಲು ರಾತ್ರಿ, ಹಬ್ಬ ಹುಣ್ಣಿಮೆ ಯಾವುದೂ ಬಿಡದೆ. ನೀವು ಈ ಭಾಗ ಓದಿ ಮುಗಿಸಿ ಒಂದು ಟೀ ಕುಡಿಯೋ ಅಷ್ಟರಲ್ಲಿ ಒಂದು.

ಪ್ರಾಂತ್ಯದ ಹಳೇ ರಾಜಧಾನಿ ಮುವಾಂಗ್ ಖೂನ್ ನೆಲಸಮ ಆಯ್ತು. ಅಲ್ಲಿನ ವಾಟ್ ಫಿಯಾ ವಾಟ್‌ನಲ್ಲಿ ಈಗ ಉಳಿದಿರೋದು ಕಂಬಗಳು, ಮೇಲೆ ಚಾವಣಿ ಇಲ್ಲ, ಮುಖಕ್ಕೆ ಪೆಟ್ಟಾದ ಬುದ್ಧ ಮಾತ್ರ ಕೂತಿದ್ದಾನೆ. ಥಾಮ್ ಪಿಯು ಅನ್ನೋ ಗುಹೆಯಲ್ಲಿ ಜನ ಅಡಗಿದ್ದರು. 1968ರ ನವೆಂಬರ್ 24ರಂದು ಒಂದು ರಾಕೆಟ್ ಒಳಗೇ ಬಂತು. ಸತ್ತವರು 374 ಅಂತ ಅಲ್ಲಿ ಲೆಕ್ಕ ಹೇಳ್ತಾರೆ. ಇದರ ಬಗ್ಗೆ ಇನ್ನೇನೂ ಬರೆಯೋಕೆ ನನ್ನ ಕೈಲಿ ಆಗ್ತಿಲ್ಲ.

(4/5)
ಯುದ್ಧ ಮುಗೀತು, ಬಾಂಬ್ ಮುಗೀಲಿಲ್ಲ. ಹಾಕಿದ್ದರಲ್ಲಿ ಬಹುಪಾಲು ಕ್ಲಸ್ಟರ್ ಬಾಂಬ್: ದೊಡ್ಡ ಡಬ್ಬಿ ಗಾಳಿಯಲ್ಲಿ ಬಿಚ್ಚಿಕೊಂಡು ನೂರಾರು ಸಣ್ಣ ಬಾಂಬ್ ಉದುರುತ್ತೆ. ಹೀಗೆ ಉದುರಿದ್ದು 27 ಕೋಟಿ, ಅದರಲ್ಲಿ ಸಿಡಿಯದೆ ಉಳಿದದ್ದು ಸುಮಾರು 8 ಕೋಟಿ ಅನ್ನೋದು ಅಂದಾಜು. ಅಲ್ಲಿಯವರು ಇವನ್ನ "ಬಾಂಬಿ" ಅಂತಾರೆ. ಟೆನಿಸ್ ಚೆಂಡಿನಷ್ಟೇ ಇರುತ್ತೆ. ಮಕ್ಕಳು ಚೆಂಡು ಕಂಡರೆ ಏನು ಮಾಡ್ತಾರೆ ಅಂತ ನಿಮಗೇ ಗೊತ್ತು. ಯುದ್ಧ ಮುಗಿದ ಮೇಲೆ ಸತ್ತವರು, ಗಾಯಗೊಂಡವರು ಸೇರಿ 20,000ದ ಆಸುಪಾಸು.

2016ರಲ್ಲಿ ಒಬಾಮ ಲಾವೋಸ್‌ಗೆ ಬಂದರು, ಅಧಿಕಾರದಲ್ಲಿದ್ದಾಗ ಅಲ್ಲಿಗೆ ಹೋದ ಮೊದಲ ಅಮೆರಿಕ ಅಧ್ಯಕ್ಷ. ಬಾಂಬ್ ತೆಗೆಯೋ ಕೆಲಸಕ್ಕೆ ಮೂರು ವರ್ಷಕ್ಕೆ 9 ಕೋಟಿ ಡಾಲರ್ ಘೋಷಿಸಿದರು. ನಮ್ಮ ಅಕೌಂಟ್ಸ್ ಭಾಷೇಲಿ ಹೇಳೋದಾದ್ರೆ ಖರ್ಚು ಒಬ್ಬರ ಪುಸ್ತಕದಲ್ಲಿ ಎಂದೋ ಕ್ಲೋಸ್ ಆಗಿದೆ, ಬಾಕಿ ಮಾತ್ರ ಇನ್ನೊಬ್ಬರ ಗದ್ದೆಯಲ್ಲಿ ವರ್ಷ ವರ್ಷ ಕ್ಯಾರಿ ಫಾರ್ವರ್ಡ್ ಆಗ್ತಿದೆ. ಗುದ್ದಲಿ ಹಾಕೋಕೆ ಹೆದರೋ ರೈತನ ಲೆಕ್ಕ ಯಾವ ಕಾಲಮ್‌ನಲ್ಲಿ ಬರೀತೀರ?

(5/5)
ಹೋಗೋದಾದ್ರೆ: ವಿಯೆಂಟಿಯಾನ್‌ನಿಂದ ವಿಮಾನ ಇದೆ, ಲುವಾಂಗ್ ಪ್ರಬಾಂಗ್‌ನಿಂದ ವ್ಯಾನ್, ಬೆಟ್ಟದ ದಾರಿ, ವಾಂತಿ ಮಾತ್ರೆ ಇಟ್ಟುಕೊಳ್ಳಿ. ಗುಡಾಣಗಳ ಹತ್ತಿರ ನೆಲದಲ್ಲಿ ಕೆಂಪು-ಬಿಳಿ ಗುರುತು ಹುಗಿದಿರ್ತಾರೆ. ಬಿಳಿ ಕಡೆ ನೆಲ ಪರೀಕ್ಷೆ ಆಗಿದೆ, ಕೆಂಪು ಕಡೆ ಆಗಿಲ್ಲ. ಸೆಲ್ಫಿಗೋಸ್ಕರ ಹಿಂದೆ ಹಿಂದೆ ಹೋಗೋ ನಮ್ಮ ಬ್ಯಾಚಿನ ಒಬ್ಬನಿಗೆ ಇದನ್ನ ಟ್ಯಾಗ್ ಮಾಡಿದ್ದೀನಿ. ವಾಪಸ್ ವಿಯೆಂಟಿಯಾನ್‌ಗೆ ಬಂದಾಗ ಕೋಪ್ ಕೇಂದ್ರಕ್ಕೂ ಹೋಗಿ. ಅಲ್ಲಿ ಕೃತಕ ಕೈಕಾಲು ಮಾಡಿಕೊಡೋ ಕೆಲಸ ನೋಡಬಹುದು.

ಒಂದು ವಿಷಯ ಮಾತ್ರ ನನಗಿನ್ನೂ ಬಗೆಹರಿದಿಲ್ಲ. ಫೋನ್‌ಸವಾನ್ ಹತ್ತಿರ ಬಾನ್ ನಾಪಿಯಾ ಅನ್ನೋ ಹಳ್ಳಿಯಲ್ಲಿ ಬಾಂಬ್‌ನ ಅಲ್ಯೂಮಿನಿಯಂ ಕರಗಿಸಿ ಅಚ್ಚಿಗೆ ಹೊಯ್ದು ಚಮಚ ಮಾಡ್ತಾರೆ, ಪ್ರವಾಸಿಗಳಿಗೆ ಬಳೆಯೂ ಮಾಡಿ ಮಾರ್ತಾರೆ. ಕೊಂಡರೆ ಆ ಮನೆಗೆ ನಾಲ್ಕು ಕಾಸು. ಆದರೆ ಗುಜರಿಗೆ ಬೆಲೆ ಬಂದಷ್ಟೂ ಯಾರೋ ಒಬ್ಬ ಹುಡುಗ ಕಾಡಲ್ಲಿ ಲೋಹ ಹುಡುಕ್ಕೊಂಡು ಹೋಗ್ತಾನೆ. ನೀವಾಗಿದ್ರೆ ಕೊಳ್ತಿದ್ರಾ? ಕಾಮೆಂಟ್‌ನಲ್ಲಿ ಹೇಳಿ, ಬರೀ ಎಮೋಜಿ ಬೇಡ.

ಭಾಗ 4 ಇಂಟರ್ನಲ್ಸ್ ಮುಗಿದ ಮೇಲೆ. ದಕ್ಷಿಣದ ವಾಟ್ ಫೂ, ಶಿವನಿಗೆ ಕಟ್ಟಿದ ಗುಡಿ. ನಮ್ಮ ಭಾರತದ ಪುರಾತತ್ವ ಇಲಾಖೆಯವರೂ ಅಲ್ಲಿ ಕಲ್ಲು ಜೋಡಿಸ್ತಿದ್ದಾರೆ.