ಕ್ರೋಶಾ ಕಡಲಾಮೆ: ಮೊದಲ ಬಾರಿಗೆ ಹೆಣೆಯುವವರಿಗೆ

ಬೀದರ್ ಜಿಲ್ಲೆಯ ಠಾಣಾ ಕುಶನೂರಿನಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ನೂರಾರು ಕಿಲೋಮೀಟರ್ ದೂರ. ಭಾಲ್ಕಿ, ಔರಾದ್ ಭಾಗದ ಬಹುತೇಕ ಮಕ್ಕಳಿಗೆ ಕಡಲಾಮೆ ಎಂದರೆ ಪುಸ್ತಕದ ಚಿತ್ರ ಅಥವಾ ಟಿ.ವಿ. ಪರದೆಯ ದೃಶ್ಯ. ಒಂದು ಉಂಡೆ ಉಲ್ಲನ್ ದಾರ, ಒಂದು ಕ್ರೋಶಾ ಕಡ್ಡಿ ಮತ್ತು ಎರಡು ಮೂರು ಸಂಜೆಗಳ ಬಿಡುವು ಇದ್ದರೆ ಅಂಗೈಯಲ್ಲಿ ಹಿಡಿಯುವಷ್ಟು ಕಡಲಾಮೆಯನ್ನು ಅಲ್ಲಿಯೇ ಕುಳಿತು ಹೆಣೆಯಬಹುದು. ಬಾಗಿಲ ತೋರಣ, ಮೇಜಿನ ಹಾಸು, ಟಿ.ವಿ. ಹೊದಿಕೆಗಳ ರೂಪದಲ್ಲಿ ಮನೆಮನೆಗೆ ಪರಿಚಿತವಾಗಿದ್ದ ಕ್ರೋಶಾ ಹೆಣಿಗೆಯು ಈಚಿನ ವರ್ಷಗಳಲ್ಲಿ ಹತ್ತಿ ತುಂಬಿದ ಗೊಂಬೆಗಳತ್ತ ಹೊರಳಿದೆ. ಇದಕ್ಕೆ ಬೇಕಾದುದು ಒಂದೇ ಒಂದು ಬಗೆಯ ಹೊಲಿಗೆ ಮತ್ತು ತಪ್ಪದ ಎಣಿಕೆ. ಹೊಲಿಗೆ ಒಂದು ಗಂಟೆಯಲ್ಲಿ ಕೈಗೆ ಹತ್ತುತ್ತದೆ, ಕೈಕೊಡುವುದು ಎಣಿಕೆಯೇ.

ಕೊಕ್ಕೆಯ ಕಲೆ

ಕ್ರೋಶಾ ಫ್ರೆಂಚ್ ಮೂಲದ ಪದ. ಚಿಕ್ಕ ಕೊಕ್ಕೆ ಎಂದು ಅರ್ಥ. ಸ್ವೆಟರ್ ಹೆಣಿಗೆಗೆ ಎರಡು ಕಡ್ಡಿಗಳು ಬೇಕು, ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆಯೇ ಇರುತ್ತವೆ. ಕಡ್ಡಿ ಜಾರಿದರೆ ಸಾಲೆಲ್ಲ ಬಿಚ್ಚಿಕೊಳ್ಳುವ ಭಯ. ಕ್ರೋಶಾದಲ್ಲಿ ಕಡ್ಡಿ ಒಂದೇ, ಒಂದು ಹೊಲಿಗೆ ಮುಗಿದಾಗ ಅದರ ಮೇಲೆ ಉಳಿಯುವ ಕುಣಿಕೆಯೂ ಒಂದೇ. ತಪ್ಪಾದಲ್ಲಿಗೆ ದಾರವನ್ನು ಎಳೆದು ಬಿಚ್ಚಿ ಮತ್ತೆ ಮುಂದುವರಿಯಬಹುದು. ಹೊಸಬರಿಗೆ ಇದಕ್ಕಿಂತ ಕ್ಷಮಾಗುಣವುಳ್ಳ ಕೈಗೆಲಸ ವಿರಳ.

ಹೀಗೆ ಹೆಣೆದು ತುಂಬಿದ ಪುಟ್ಟ ಗೊಂಬೆಗಳಿಗೆ ಜಗತ್ತಿನಾದ್ಯಂತ ಅಮಿಗುರುಮಿ ಎಂಬ ಜಪಾನಿ ಹೆಸರು ಚಾಲ್ತಿಯಲ್ಲಿದೆ. ಜಪಾನಿ ಭಾಷೆಯ ಹೆಣಿಗೆ ಮತ್ತು ತುಂಬಿದ ಗೊಂಬೆ ಎಂಬ ಎರಡು ಪದಗಳು ಕೂಡಿ ಆದ ಹೆಸರಿದು. ಸರಪಳಿಯಂತೆ ಹಿಂದೆ ಮುಂದೆ ಸಾಲು ಹಾಕುವ ಬದಲು ಶಂಖದ ಸುರುಳಿಯಂತೆ ನಿಲ್ಲದೆ ಸುತ್ತುತ್ತಾ ಹೋಗುವುದು ಇದರ ರೀತಿ.

ಕಡಲಾಮೆಯೇ ಏಕೆ?

ಹೊಸಬರಿಗೆ ಸಾಮಾನ್ಯವಾಗಿ ಅಷ್ಟಪದಿಯನ್ನೋ ತಿಮಿಂಗಿಲವನ್ನೋ ಸೂಚಿಸಲಾಗುತ್ತದೆ. ಆದರೆ ಅಷ್ಟಪದಿಯ ಎಂಟು ಕಾಲು ಮುಗಿಸುವಷ್ಟರಲ್ಲಿ ಬೇಸರ ಬರುವುದುಂಟು. ಕಡಲಾಮೆಯಲ್ಲಿ ಚಪ್ಪಟೆ ಬಿಲ್ಲೆ, ಬಟ್ಟಲು, ಗೋಲ, ಕೊಳವೆ ಎಂಬ ನಾಲ್ಕು ಮೂಲ ಆಕಾರಗಳೂ ಒಂದೊಂದಾಗಿ ಬರುತ್ತವೆ. ಇವು ಬಂದರೆ ಬೇರೆ ಯಾವ ಪ್ರಾಣಿಯೂ ಕಷ್ಟವಲ್ಲ. ಮೇಲಾಗಿ ಇದು ಕರ್ನಾಟಕದ್ದೇ ಅತಿಥಿ. ಆಲಿವ್ ರಿಡ್ಲಿ ಕಡಲಾಮೆಗಳು ಚಳಿಗಾಲದ ತಿಂಗಳುಗಳಲ್ಲಿ ಹೊನ್ನಾವರ, ಕಾರವಾರ, ಕುಂದಾಪುರದ ಮರಳತೀರಗಳಿಗೆ ರಾತ್ರಿ ಬಂದು, ಗುಂಡಿ ತೋಡಿ, ಒಮ್ಮೆಗೆ ನೂರರ ಆಸುಪಾಸು ಮೊಟ್ಟೆಗಳನ್ನಿಟ್ಟು ಕಡಲಿಗೆ ಮರಳುತ್ತವೆ. 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಸ್ಥಾನ ಪಡೆದಿರುವ ಈ ಆಮೆಯ ಮೊಟ್ಟೆಗಳಿಗೆ ಅರಣ್ಯ ಇಲಾಖೆ ಬಲೆ ಕಟ್ಟಿ ಕಾವಲು ಒದಗಿಸುತ್ತದೆ.

ಪೇಟೆಯಲ್ಲಿ ಕಡಲಾಮೆ ಎಂದು ಮಾರಾಟವಾಗುವ ಗೊಂಬೆಗಳಲ್ಲಿ ಅನೇಕವು ವಾಸ್ತವವಾಗಿ ಕೆರೆಯ ಆಮೆಗಳು: ಮೋಟು ಕಾಲು, ಉಬ್ಬಿದ ಬೆನ್ನು. ಕಡಲಾಮೆಗೆ ಕಾಲುಗಳಿಲ್ಲ, ಹುಟ್ಟಿನಂಥ ಈಜುರೆಕ್ಕೆಗಳಿವೆ. ಮುಂದಿನವು ಹಿಂದಿನವುಗಳಿಗಿಂತ ಬಹಳ ಉದ್ದ. ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಕೆಳಗಿನ ಅಳತೆಗಳನ್ನು ಈ ವ್ಯತ್ಯಾಸ ಗಮನಿಸಿ ಇರಿಸಲಾಗಿದೆ.

ಸಾಮಗ್ರಿ

ಮಧ್ಯಮ ದಪ್ಪದ ಉಲ್ಲನ್ ದಾರ ಸಾಕು. ಬೀದರ್, ಭಾಲ್ಕಿ ಪೇಟೆಯ ಕಟ್ಲೆರಿ ಅಂಗಡಿಗಳಲ್ಲಿ ಉಲ್ಲನ್ ಎಂದು ಸಿಗುವುದು ಹೆಚ್ಚಾಗಿ ಅಕ್ರಿಲಿಕ್. ಗಡಿಯಾಚೆಯ ಮರಾಠಿಯಲ್ಲಿ ಇದೇ ಲೋಕರ್. ಚಿಪ್ಪಿಗೆ ಬೂದು ಬೆರೆತ ಹಸಿರು, ಉಳಿದ ಭಾಗಗಳಿಗೆ ತಿಳಿ ಬಣ್ಣ. ಮೊದಲ ಪ್ರಯತ್ನಕ್ಕೆ ಕಪ್ಪು ದಾರ ಬೇಡ, ಹೊಲಿಗೆಗಳು ಕಣ್ಣಿಗೆ ಬೀಳುವುದಿಲ್ಲ. ರೋಮ ಎದ್ದ ಮೃದು ದಾರವೂ ಬೇಡ. ಅಕ್ರಿಲಿಕ್ ಕೂಡ ಪ್ಲಾಸ್ಟಿಕ್ಕೇ ಆದುದರಿಂದ ಕಡಲಾಮೆಗೆ ಅದು ಸಲ್ಲದು ಎಂದು ಭಾವಿಸುವವರು ಹತ್ತಿಯ ದಾರ ಬಳಸಬಹುದು; ಅದು ಹಿಗ್ಗುವುದಿಲ್ಲವಾದ್ದರಿಂದ ಬೆರಳಿಗೆ ತುಸು ಶ್ರಮ ಹೆಚ್ಚು.

ಕಡ್ಡಿ 3 ಮಿ.ಮೀ. ಇರಲಿ. ದಾರದ ಚೀಟಿಯಲ್ಲಿ ಇದಕ್ಕಿಂತ ದೊಡ್ಡ ಅಳತೆ ಸೂಚಿಸಿರಬಹುದು. ಅದು ಮೈಮೇಲೆ ಧರಿಸುವ ಬಟ್ಟೆಗೆ. ಗೊಂಬೆಯ ಹೆಣಿಗೆ ಒತ್ತಾಗಿರಬೇಕು, ಇಲ್ಲವಾದರೆ ಒಳಗಿನ ಹತ್ತಿ ಹೊರಗೆ ಇಣುಕುತ್ತದೆ. ತುಂಬಲು ದಿಂಬಿನ ಪಾಲಿಯೆಸ್ಟರ್ ಹತ್ತಿ ಉತ್ತಮ. ಪಿಂಜಾರರು ಹಿಂಜಿದ ಅರಳೆಯೂ ಆಗುತ್ತದೆ, ಆದರೆ ಒಗೆದಾಗ ಗಂಟುಗಟ್ಟುತ್ತದೆ, ಒಣಗಲು ಹೊತ್ತು ಹಿಡಿಯುತ್ತದೆ. ಇವಲ್ಲದೆ ದೊಡ್ಡ ಕಣ್ಣಿನ ಸೂಜಿ, ಕತ್ತರಿ, ಗುರುತಿಗೆ ಬೇರೆ ಬಣ್ಣದ ಒಂದು ತುಂಡು ದಾರ.

ಒಂದೇ ಹೊಲಿಗೆ

ಬೇಕಾದ ಹೊಲಿಗೆ ಸಿಂಗಲ್ ಕ್ರೋಶಾ. ಹಿಂದಿನ ಸುತ್ತಿನ ಹೊಲಿಗೆಯ ತುದಿಯಲ್ಲಿ ಬಾಣದ ಮೊನೆಯಂತೆ ಎರಡು ಎಳೆಗಳು ಕಾಣುತ್ತವೆ. ಕಡ್ಡಿಯನ್ನು ಆ ಎರಡೂ ಎಳೆಗಳ ಅಡಿಯಿಂದ ತೂರಿಸಿ, ಕೊಕ್ಕೆಗೆ ದಾರ ಸಿಕ್ಕಿಸಿ ಈಚೆ ಎಳೆಯಬೇಕು. ಈಗ ಕಡ್ಡಿಯ ಮೇಲೆ ಎರಡು ಕುಣಿಕೆಗಳಿರುತ್ತವೆ. ಮತ್ತೊಮ್ಮೆ ದಾರ ಸಿಕ್ಕಿಸಿ ಎರಡರೊಳಗಿಂದಲೂ ಎಳೆದರೆ ಹೊಲಿಗೆ ಮುಗಿಯಿತು. ಒಂದೇ ಎಳೆಯನ್ನು ಹಿಡಿಯುವುದು ಹೊಸಬರ ಸಾಮಾನ್ಯ ತಪ್ಪು. ಹಾಗೆ ಮಾಡಿದಲ್ಲಿ ಹೆಣಿಗೆಯಲ್ಲಿ ಗೆರೆ ಮೂಡಿ ಸಂದು ಬಿಡುತ್ತದೆ. ಮುದ್ರಿತ ಮಾದರಿಗಳನ್ನು ಅನುಸರಿಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಅಮೆರಿಕದವರು ಸಿಂಗಲ್ ಕ್ರೋಶಾ ಎನ್ನುವುದನ್ನೇ ಬ್ರಿಟಿಷರು ಡಬಲ್ ಕ್ರೋಶಾ ಎನ್ನುತ್ತಾರೆ. ಮಾದರಿ ಯಾವ ದೇಶದ್ದೆಂದು ನೋಡದೆ ಹೆಣೆದರೆ ಆಮೆ ಎರಡರಷ್ಟು ಎತ್ತರವಾದೀತು!

ಹೆಚ್ಚಿಸುವುದು ಎಂದರೆ ಒಂದೇ ಹೊಲಿಗೆಯೊಳಗೆ ಎರಡು ಹೊಲಿಗೆ ಹಾಕುವುದು. ತಗ್ಗಿಸುವುದು ಎಂದರೆ ಪಕ್ಕಪಕ್ಕದ ಎರಡು ಹೊಲಿಗೆಗಳಿಂದ ಒಂದೊಂದು ಕುಣಿಕೆ ಎಳೆದು, ಕಡ್ಡಿಯ ಮೇಲಿನ ಮೂರನ್ನೂ ಒಟ್ಟಿಗೆ ಮುಗಿಸುವುದು.

ಆರರ ಮಗ್ಗಿ

ಆರಂಭಕ್ಕೆ ಎರಡು ಸರಪಳಿ ಹೊಲಿಗೆ ಹಾಕಿ, ಕಡ್ಡಿಯಿಂದ ಎರಡನೆಯದರೊಳಗೆ 6 ಸಿಂಗಲ್ ಕ್ರೋಶಾ ಹಾಕಬೇಕು. ಬಿಗಿಯುವ ಉಂಗುರ ಬಳಸುವ ಮ್ಯಾಜಿಕ್ ರಿಂಗ್ ವಿಧಾನದಲ್ಲಿ ನಡುವಿನ ತೂತು ಪೂರ್ತಿ ಮುಚ್ಚುತ್ತದಾದರೂ ಮೊದಲ ಆಮೆಗೆ ಅದರ ಗೊಡವೆ ಬೇಡ. ಎರಡನೆಯ ಸುತ್ತಿನಲ್ಲಿ ಪ್ರತಿ ಹೊಲಿಗೆಯನ್ನೂ ಹೆಚ್ಚಿಸಿದರೆ 12. ಮೂರನೆಯದರಲ್ಲಿ ಒಂದು ಬಿಟ್ಟು ಒಂದನ್ನು ಹೆಚ್ಚಿಸಿದರೆ 18. ಅನಂತರ ಎರಡು ಹೊಲಿಗೆಗೊಮ್ಮೆ, ಮೂರಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಹೆಚ್ಚಿಸುತ್ತಾ ಹೋದಂತೆ 24, 30, 36.

ಪ್ರತಿ ಸುತ್ತಿಗೂ ಆರೇ ಏಕೆ ಹೆಚ್ಚಬೇಕು? ವೃತ್ತದ ತ್ರಿಜ್ಯ ಒಂದು ಅಳತೆ ಬೆಳೆದರೆ ಪರಿಧಿ ಸುಮಾರು 6.28 ಅಳತೆ ಬೆಳೆಯುತ್ತದೆ. ಸಿಂಗಲ್ ಕ್ರೋಶಾ ಹೊಲಿಗೆಯ ಎತ್ತರ, ಅಗಲ ಹೆಚ್ಚು ಕಡಿಮೆ ಒಂದೇ. ಹೀಗಾಗಿ ಸುತ್ತಿಗೆ ಆರು ಹೊಲಿಗೆ ಸೇರಿಸಿದರೆ ಬಿಲ್ಲೆ ಚಪ್ಪಟೆಯಾಗಿ ಉಳಿಯುತ್ತದೆ, ಕಡಿಮೆ ಸೇರಿಸಿದರೆ ಬಟ್ಟಲಾಗುತ್ತದೆ, ಹೆಚ್ಚು ಸೇರಿಸಿದರೆ ಅಂಚು ನೆರಿಗೆಗಟ್ಟುತ್ತದೆ. ಈ ನೆರಿಗೆಯನ್ನೇ ಹಿಡಿದು ಲಾಟ್ವಿಯಾ ಮೂಲದ ಗಣಿತಜ್ಞೆ ದೈನಾ ತೈಮಿನಾ 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹೈಪರ್ಬೋಲಿಕ್ ಜ್ಯಾಮಿತಿಯನ್ನು ಕೈಯಲ್ಲಿ ಹಿಡಿದು ನೋಡುವ ಮಾದರಿಗಳನ್ನು ಹೆಣೆದರು. 2005ರಲ್ಲಿ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ತೈಮ್ ಸಹೋದರಿಯರು ಅದೇ ಸೂತ್ರದಿಂದ ಕ್ರೋಶಾ ಹವಳದಿಬ್ಬವನ್ನು ಆರಂಭಿಸಿದರು. ಅನೇಕ ದೇಶಗಳ ಸಾವಿರಾರು ಮಂದಿ ಅದಕ್ಕೆ ಕೈಜೋಡಿಸಿದ್ದಾರೆ. ಕಡಲ ಹವಳ, ಕೋಸಿನ ಎಲೆ, ಎಣಿಕೆ ತಪ್ಪಿದ ಹೊಸಬರ ಬಿಲ್ಲೆ, ಈ ಮೂರರ ಗಣಿತವೂ ಒಂದೇ.

ಸುರುಳಿಯಲ್ಲಿ ಸುತ್ತು ಎಲ್ಲಿ ಮುಗಿಯಿತೆಂಬುದು ಕಣ್ಣಿಗೆ ತಿಳಿಯುವುದಿಲ್ಲ. ಆದ್ದರಿಂದ ಪ್ರತಿ ಸುತ್ತಿನ ಮೊದಲ ಹೊಲಿಗೆಗೆ ಬೇರೆ ಬಣ್ಣದ ದಾರ ಸಿಕ್ಕಿಸಿಡಬೇಕು. ಇದನ್ನು ಬಿಟ್ಟವರು ನಾಲ್ಕನೆಯ ಸುತ್ತಿಗೆ ದಾರಿ ತಪ್ಪುವುದು ಬಹುತೇಕ ಖಚಿತ.

ಭಾಗಗಳು

ಚಿಪ್ಪಿಗೆ 36ರವರೆಗೆ ಹೆಚ್ಚಿಸಿ, ಬಳಿಕ ಹೆಚ್ಚಿಸದೆ ಮೂರು ಸುತ್ತು ಹೆಣೆದರೆ ಬಟ್ಟಲಿನ ಆಕಾರ ಬರುತ್ತದೆ. ಹೊಟ್ಟೆಗೆ 36ರಲ್ಲೇ ನಿಲ್ಲಿಸಿದ ಬಿಲ್ಲೆ. ಎರಡರ ಅಂಚನ್ನೂ ಸೇರಿಸಿ ಹಿಡಿದು, ಎರಡೂ ಪದರಗಳ ಮೂಲಕ ಹೊಲಿಗೆಗೆ ಹೊಲಿಗೆ ಜೋಡಿಸುತ್ತಾ ಬಂದು, ಎಂಟು ಹೊಲಿಗೆ ಉಳಿದಾಗ ಹತ್ತಿ ತುಂಬಿ ಮುಚ್ಚಬೇಕು. ಎರಡೂ ಕಡೆ 36 ಇದ್ದರೆ ಅಂಚು ತಾನಾಗಿ ಕೂಡುತ್ತದೆ; 35 ಮತ್ತು 37 ಆಗಿದ್ದರೆ ಚಿಪ್ಪು ಸೊಟ್ಟಗೆ ತಿರುಗುತ್ತದೆ. ಹತ್ತಿಯನ್ನು ಕೌದಿಯಂತೆ ಒತ್ತಿ ತುಂಬದೆ ಚಿಕ್ಕ ಚಿಕ್ಕ ಹಿಡಿಗಳಲ್ಲಿ ಬಿಡಿಸಿ ಸೇರಿಸಿದರೆ ಗಂಟು ಕಾಣುವುದಿಲ್ಲ. ಮೇಲೆ ಹೇಳಿದ ದಾರ, ಕಡ್ಡಿಗಳಲ್ಲಿ ಚಿಪ್ಪು ಸುಮಾರು 6 ಸೆ.ಮೀ. ಅಗಲ ಬರುತ್ತದೆ.

ತಲೆಗೆ 6, 12, 18. ಅನಂತರ ಎರಡು ಸುತ್ತು 18ರಲ್ಲೇ. ಕೊನೆಯ ಸುತ್ತಿನಲ್ಲಿ ಒಂದು ಹೊಲಿಗೆ ಬಿಟ್ಟು ಮುಂದಿನ ಎರಡನ್ನು ಒಂದಾಗಿಸುತ್ತಾ 12ಕ್ಕೆ ಇಳಿಸಬೇಕು. ಈಜುರೆಕ್ಕೆಗೆ 6ರಿಂದ ಆರಂಭಿಸಿ, ಎರಡನೆಯ ಸುತ್ತಿನಲ್ಲಿ ಒಂದು ಬಿಟ್ಟು ಒಂದನ್ನು ಹೆಚ್ಚಿಸಿ 9 ಮಾಡಿ, ಮುಂದಿನ ಜೋಡಿಗೆ ಇನ್ನು ಆರು ಸುತ್ತು, ಹಿಂದಿನ ಜೋಡಿಗೆ ಇನ್ನು ಎರಡೇ ಸುತ್ತು ಹೆಣೆದರೆ ಸಾಕು. ಇವುಗಳಿಗೆ ಹತ್ತಿ ಬೇಡ. ಚಪ್ಪಟೆಯಾಗಿ ಒತ್ತಿ, ತೆರೆದ ಬಾಯಿಯನ್ನು ಚಿಪ್ಪು ಹೊಟ್ಟೆ ಕೂಡುವ ಅಂಚಿಗೆ ಸೂಜಿಯಿಂದ ಹೊಲಿಯಬೇಕು. ತಲೆಗೆ ಹತ್ತಿ ತುಂಬಿ ಅದೇ ಅಂಚಿಗೆ ಸೇರಿಸಬೇಕು. ದಾರದ ತುದಿಗಳನ್ನು ಗಂಟು ಹಾಕಿ ಬಿಡದೆ ಸೂಜಿಯಿಂದ ಒಳಗೆ ಹಲವು ಬಾರಿ ಓಡಿಸಿ ಕತ್ತರಿಸುವುದು ಲೇಸು.

ಕಣ್ಣಿನ ವಿಚಾರದಲ್ಲಿ ರಾಜಿ ಕೂಡದು. ಗುಂಡಿ, ಮಣಿ ಅಥವಾ ಅಂಟಿಸುವ ಪ್ಲಾಸ್ಟಿಕ್ ಕಣ್ಣುಗಳು ನೋಡಲು ಚೆನ್ನ; ಆದರೆ ಮಗು ಗೊಂಬೆಯನ್ನು ಮೊದಲು ಒಯ್ಯುವುದು ಬಾಯಿಗೆ. ಸೇಫ್ಟಿ ಐ ಎಂಬ ಹೆಸರಿನಲ್ಲಿ ಮಾರುವ ಬಿರಡೆಯ ಕಣ್ಣುಗಳೂ ಹೆಣಿಗೆ ಸಡಿಲವಾದರೆ ಕಿತ್ತು ಬರಬಲ್ಲವು. ಮೂರು ವರ್ಷದೊಳಗಿನ ಮಕ್ಕಳಿಗಾದರೆ ಕಪ್ಪು ದಾರದಲ್ಲಿ ಕಸೂತಿ ಮಾಡಿದ ಕಣ್ಣುಗಳೇ ಆಗಬೇಕು. ರೆಕ್ಕೆಗಳನ್ನು ಬಲವಾಗಿ ಎಳೆದು ಪರೀಕ್ಷಿಸಿದ ಮೇಲೆಯೇ ಗೊಂಬೆ ಮಗುವಿನ ಕೈ ಸೇರಬೇಕು. ಮಲಗಿರುವ ಹಸುಗೂಸಿನ ಪಕ್ಕದಲ್ಲಿ ಇಂಥ ಮೃದು ಗೊಂಬೆಗಳನ್ನು ಇಡದಿರುವುದು ಕ್ಷೇಮ.

648 ಹೊಲಿಗೆಗಳ ಬೆಲೆ

ಭಾಗಗಳನ್ನೆಲ್ಲ ಕೂಡಿದರೆ ಈ ಆಮೆಯಲ್ಲಿ 648 ಹೊಲಿಗೆಗಳಿವೆ. ಜೋಡಣೆಯ 36 ಬೇರೆ. ಒಂದೊಂದನ್ನೂ ಕೈಯಲ್ಲೇ ಹಾಕಬೇಕು. ಸ್ವೆಟರ್ ಹೆಣಿಗೆಗೆ ಯಂತ್ರ ಬಂದು ಶತಮಾನಗಳಾದವು. ಕ್ರೋಶಾವನ್ನು ಕಾರ್ಖಾನೆಯಲ್ಲಿ ಹೆಣೆಯುವ ಯಂತ್ರ ಮಾತ್ರ ವಾಣಿಜ್ಯ ಬಳಕೆಗೆ ಬಂದಿಲ್ಲ. ಅಗ್ಗದ ಬೆಲೆಗೆ ಮಾರಾಟವಾಗುವ ನೈಜ ಕ್ರೋಶಾ ಗೊಂಬೆಯ ಹಿಂದೆಯೂ ಎಲ್ಲಿಯೋ ಒಬ್ಬರ ಬೆರಳುಗಳು ದುಡಿದಿರುತ್ತವೆ.

ಭಾರತದಲ್ಲಿ ಈ ಮಾತಿಗೆ ದೊಡ್ಡ ಸಾಕ್ಷಿ ಆಂಧ್ರಪ್ರದೇಶದ ನರಸಾಪುರ. ಭಾಲ್ಕಿ, ಔರಾದ್ ಸೀಮೆಯಲ್ಲಿ ಹರಿಯುವ ಮಾಂಜ್ರಾ ನದಿ ಮುಂದೆ ಗೋದಾವರಿಯನ್ನು ಸೇರುತ್ತದೆ. ಆ ಗೋದಾವರಿಯ ಕವಲೊಂದು ಕಡಲು ಸೇರುವ ಮುನ್ನ ನರಸಾಪುರದ ಪಕ್ಕದಲ್ಲೇ ಸಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ಅಲ್ಲಿನ ಮಹಿಳೆಯರಿಗೆ ಕಲಿಸಿದ ಕ್ರೋಶಾ ಲೇಸ್ ಕ್ರಮೇಣ ರಫ್ತು ಉದ್ಯಮವಾಗಿ ಬೆಳೆಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಉದ್ಯಮದ ಒಳಮುಖವನ್ನು ತೋರಿಸಿದರು. ಹೆಣೆಯುವವರನ್ನು ಕಾರ್ಮಿಕರೆಂದು ಎಣಿಸದೆ, ಬಿಡುವಿನ ವೇಳೆ ಕಳೆಯುವ ಗೃಹಿಣಿಯರೆಂದು ಕಂಡುದರಿಂದಲೇ ಅವರ ಕೂಲಿ ಅತ್ಯಲ್ಪವಾಗಿ ಉಳಿಯಿತು ಎಂಬುದು ಅವರ ವಾದ. ಲಾಭ ವರ್ತಕರ ಪಾಲಾಗಿತ್ತು. ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಗೊಂಬೆ ಹೆಣೆದು ನಾಲ್ಕು ಕಾಸು ಸಂಪಾದಿಸಬೇಕೆನ್ನುವವರು, ವಿಶೇಷವಾಗಿ ಸ್ವಸಹಾಯ ಸಂಘಗಳ ಸದಸ್ಯೆಯರು, ದಾರದ ಬೆಲೆಗೆ ಒಂದಿಷ್ಟು ಸೇರಿಸಿ ದರ ಕಟ್ಟುವ ಅಭ್ಯಾಸ ಬಿಡಬೇಕು. ಒಂದು ಗೊಂಬೆಗೆ ತಗಲುವ ದಾರ ಅಲ್ಪ, ಸಮಯ ಅಪಾರ. ನುರಿತ ಕೈಗೂ ಜೋಡಣೆ ಸಹಿತ ಎರಡು ಗಂಟೆಗೆ ಕಡಿಮೆಯಿಲ್ಲ. ಗಡಿಯಾರ ನೋಡಿ ಬರೆದಿಟ್ಟುಕೊಂಡ ಗಂಟೆಗಳಿಗೆ ಕೂಲಿ ಕಟ್ಟಿ, ಅದಕ್ಕೆ ಸಾಮಗ್ರಿಯ ವೆಚ್ಚ ಸೇರಿಸುವುದು ಸರಿಯಾದ ಕ್ರಮ.

ಮಾರಾಟಕ್ಕೆ ಕಾನೂನಿನ ಒಂದು ಕಟ್ಟೂ ಇದೆ. 2021ರ ಜನವರಿ 1ರಿಂದ ಜಾರಿಗೆ ಬಂದ ಆಟಿಕೆ (ಗುಣಮಟ್ಟ ನಿಯಂತ್ರಣ) ಆದೇಶದ ಪ್ರಕಾರ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೆ ಇದರಿಂದ ವಿನಾಯಿತಿ ನೀಡಲಾಗಿದೆ. ನೋಂದಾಯಿತರಿಗೆ ಪೆಹಚಾನ್ ಎಂಬ ಗುರುತಿನ ಚೀಟಿ ಸಿಗುತ್ತದೆ. ಮನೆಯ ಮಗುವಿಗೆಂದು ಹೆಣೆಯುವವರಿಗೆ ಈ ಯಾವ ಕಾಗದವೂ ಬೇಕಿಲ್ಲ.